ಮಗ್ಗುಲ ರಾಗ

ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಹಗರಿಬೊಮ್ಮನಹಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನ ಮೇಲೆ ಮದುವೆ ಬ್ಯಾಂಡಿನ ಇಬ್ಬರು ಕ್ಲಾರಿನೆಟ್ ಪೆಟ್ಟಿಗೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಹಿರಿಯವರು ಜಮಾಲ್ ಸಾಬ್, ಕಿರಿಯವನು ಗಾದಿಲಿಂಗಪ್ಪ ಎಂಬುದು ಮಾತಿನಲ್ಲೇ ತಿಳಿಯಿತು.

“ಕೂಡ್ಲಿಗಿ ಬ್ಯಾಂಡಿನವ್ರ ಹತ್ರ ಹೋಗಿದ್ದಿಯಂತಲ್ಲೋ ಗಾದಿಲಿಂಗ?”

“ಹೋಗಿದ್ದೆರಿ, ಸಾಬ್ರ. ಮುಂದ ನಿಂತು ನುಡಿಸಾಕ ಕರದಿದ್ರು.”

“ಮತ್ಯಾಕ ತಿರುಗಿ ಬಂದಿ?”

“ಒಬ್ನೇ ನುಡಿಸು ಅಂದ್ರು. ನುಡಿಸಿದೆ. ಇದ್ಯಾವ ಹಾಡಪಾ ಅಂತ ಕೇಳಿದ್ರು.”

ಜಮಾಲ್ ಸಾಬ್ ನಕ್ಕರು. “ಮಿಲಿಟರಿ ಬ್ಯಾಂಡಿನಾಗಿದ್ದ ನಮ್ಮ ಉಸ್ತಾದ್ರು ನೀ ನುಡಿಸೋ ಅಂಥದಕ್ಕ ಕೌಂಟರ್‌ಪಾಯಿಂಟ್ ಅಂತಿದ್ರು. ಒಂದು ರಾಗದ ಮಗ್ಗುಲಾಗ ಇನ್ನೊಂದು ರಾಗ. ಎರಡೂ ಬ್ಯಾರೆ, ಕೂಡಿದ್ರ ಚಂದ.”

“ಹೆಸರು ಏನಾರ ಇರ್ಲಿರಿ. ಇಪ್ಪತ್ತೆರಡು ವರ್ಷ ನಿಮ್ಮ ಮಗ್ಗುಲಾಗ ನುಡಿಸಿ ನನಗ ಒಂದು ಹಾಡೂ ಪೂರಾ ಬರಂಗಿಲ್ಲ. ಎಲ್ಲಿಗಂತ ಹೋಗ್ಲಿ?”

“ಆತು, ಹಾಡು ನಾ ಕಲಸ್ತೀನಿ. ಮುಂದ ನೀ ನಿಲ್ಲು, ಮಗ್ಗುಲಾಗ ನಾ ನುಡಿಸ್ತೀನಿ.”

“ನನ್ನ ಪಾಲಿಂದು ನಿಮಗ ಬರತೈತೇನ್ರಿ?”

ಜಮಾಲ್ ಸಾಬ್ ಪೆಟ್ಟಿಗೆಯ ಚಿಲಕವನ್ನು ತೆಗೆದು ಮತ್ತೆ ಹಾಕಿದರು.

“ಇಲ್ಲಲೇ. ನೀ ಕೂಡ್ಲಿಗಿಗೆ ಹೋದ ದಿನ ನಾ ಒಬ್ನೇ ಹಾಡು ಹಿಡಿದಿದ್ದೆ. ನಿನ್ನ ದನಿ ಬರೋ ಜಾಗದಾಗ ಕಾಯಕೋಂತ ನಿಂತುಬಿಟ್ಟೆ. ಹಾಡು ಮುಗೀತು ಅಂತ ಮೆರವಣಿಗಿ ನನ್ನ ಬಿಟ್ಟು ಮುಂದ ಹೋತು.”

ಗಾದಿಲಿಂಗಪ್ಪ ನಗಲಿಲ್ಲ. ಚಿಗಟೇರಿ ಬಸ್ಸು ಬಂದು ನಿಂತಿತು.

“ಏಳಲೇ, ಮದುವಿ ಮನಿಯವ್ರು ಕಾಯ್ತಿರ್ತಾರ.”

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡದೆ ಬಸ್ಸು ಹತ್ತಿದರು.