ಕೋದಂಡನನ್ನು ಹಿಡಿದುಕೊಟ್ಟವರು

೧೯೫೮ರ ಒಂದು ಮಧ್ಯಾಹ್ನ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಗಾಡಿಗೆ ಕಾಯುತ್ತಿದ್ದೆ. ನನ್ನ ಬೆಂಚಿನಲ್ಲೇ ಕೂಸನ್ನೆತ್ತಿಕೊಂಡ ಒಬ್ಬ ಹೆಂಗಸು, ಪಕ್ಕದಲ್ಲಿ ಅವಳ ಅತ್ತೆ. ಇಬ್ಬರೂ ಕೋರ್ಟಿನಿಂದ ಬಂದಿದ್ದರು.

“ಜೈಲಿಗೇ ಆಕ್ತಾರೆ ಅಂತ ಗೊತ್ತಿರ್ಲಿಲ್ಲ ಅತ್ತೆ. ಗದರಿಸಿ ಜೀವನಾಂಶ ಕೊಡಿಸ್ತಾರೆ ಅಂದ್ಕೊಂಡಿದ್ದೆ.”

“ಕೊಡ್ತೀಯೋ ಇಲ್ವೋ ಅಂತ ಜಡ್ಜು ಕೇಳಿದ್ರಲ್ಲ ಕನಕಾ. ಜೈಲಿಗಾದ್ರೂ ಓಗ್ತೀನಿ, ಅವಳಿಗೆ ಮಾತ್ರ ಕೊಡಲ್ಲ ಅಂದೋನು ನಿನ್ನ ಗಂಡ ಕೋದಂಡನೇ ತಾನೆ?”

“ನಗ್ತಾ ಅಂದ್ರು. ಕೂಸಿನ ಕಡೆ ತಿರುಗೂ ನೋಡ್ಲಿಲ್ಲ.”

“ಒಂದು ತಿಂಗ್ಳು ಒಳಗಿರ್ಲಿ. ಈಚೆ ಬಂದ್ಮೇಲೂ ಕೊಡ್ಲೇಬೇಕಂತೆ, ವಕೀಲ್ರು ಏಳಿದ್ರು.”

“ಇಷ್ಟು ದಿನ ಸಿಗದೆ ಇದ್ದೋರು ಪೊಲೀಸ್ರಿಗೆ ಎಂಗೆ ಸಿಕ್ಕಿದ್ರೋ! ಕಾಮಸಮುದ್ರದಲ್ಲಿ ನೀವಿರೋ ನಿಮ್ಮ ತಮ್ಮನ ಮನೇಲೇ ಅವಿತಿದ್ದು ನಂಗೇ ಗೊತ್ತಿರ್ಲಿಲ್ಲ.”

ಮುದುಕಿ ಹಳಿಯ ಕಡೆ ಮುಖ ತಿರುಗಿಸಿದಳು.

“ನಾನೇ ಏಳಿ ಕಳಿಸ್ದೆ.”

“ಅತ್ತೆ!”

“ಪೊಲೀಸ್ರು ಬತ್ತಾರೆ ಅಂತ ಗೊತ್ತಿದ್ದೇ ಮುದ್ದೆ ಇಕ್ಕಿದೆ. ಉಂಡು ಕೈ ತೊಳೀತಿದ್ದಾಗ ಇಡ್ಕೊಂಡ್ರು.”

ಬೆಂಚಿನ ಈ ತುದಿಯಲ್ಲಿ ಕೂತಿದ್ದ ನಾನೂ ತಿರುಗಿ ನೋಡಿದೆ.

“ಎತ್ತ ಮಗ ಅಲ್ವಾ ಅತ್ತೆ... ಎಂಗೆ ಮನಸ್ಸು ಬಂತು ನಿಮಗೆ?”

“ಇದು ನನ್ನ ಮೊಮ್ಮಗು ಅಲ್ವಾ?”

“ಅವ್ರಿಗೆ ಗೊತ್ತಾಯ್ತಾ?”

“ಬೇಡಿ ಆಕುವಾಗ ನನ್ನ ಮುಖಾನೇ ನೋಡ್ದ. ಗೊತ್ತಾಯ್ತು.”

ಗಾಡಿ ಬಂದು ನಿಂತಿತು. ಇಬ್ಬರೂ ಎದ್ದರು.

“ಇನ್ನು ತಮ್ಮನ ಮನೇಗೆ ಎಂಗೆ ಓಗ್ತೀರಾ ಅತ್ತೆ?”

“ಒಳಕ್ಕೆ ಸೇರಿಸಲ್ಲ ಅಂದ ಕಣೇ. ನೀನು ಬೇಡ ಅಂದ್ರೆ ಇಲ್ಲೇ ಎಲ್ಲಾದ್ರೂ ಕೂಲಿ ಮಾಡ್ತೀನಿ.”

ಕನಕ ಅತ್ತೆಯ ಗಂಟನ್ನು ತಾನೇ ಎತ್ತಿಕೊಂಡು, ಅವಳನ್ನು ಮುಂದೆ ಬಿಟ್ಟುಕೊಂಡು ಹೆಂಗಸರ ಡಬ್ಬಿ ಹತ್ತಿದಳು.