ಕಳ್ಳಿಗೆ ಮೆತ್ತಿದ ಸಗಣಿ

ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಸುಮನಾ, ಕಾವ್ಯಾ ಎಂಬ ಇಬ್ಬರು ಗೆಳತಿಯರು ಕೂತಿದ್ದರು. ಸುಮನಾಳ ಮಡಿಲಲ್ಲಿ ಕಸಿ ಕಟ್ಟಿದ ಕಳ್ಳಿಯ ಕುಂಡ. ಹಸಿರು ಕಾಂಡದ ಮೇಲಿನ ಕೆಂಪು ತಲೆ ವಾಲಿತ್ತು. ಕಾವ್ಯಾ ಮೂಸಿ ನೋಡಿದಳು.

“ಇದಕ್ಕೆ ಎಂತ ಮೆತ್ತಿದ್ಯೇ?”

“ಹಸಿ ಸಗಣಿ. ದಾಸವಾಳದ ಕಸಿಗೆ ಮೆತ್ತಲ್ವಾ?”

“ಅಯ್ಯೋ ಮಾರಾಯ್ತಿ, ಕಳ್ಳಿ ಗಾಯ ಒಣಗಿರ್ಬೇಕು! ಕಾಂಡ ಕೊಳ್ತೇ ಹೋಗಿದೆ.”

“ನಮ್ಮ ನಾದಿನಿ, ತಮ್ಮನ ಹೆಂಡ್ತಿ, ತವರಿಗೆ ಬಾಣಂತನಕ್ಕೆ ಹೋಗುವಾಗ ನನ್ನ ನಂಬಿ ಬಿಟ್ಟಿದ್ದು. ನಾಳೆ ಬರ್ತಾಳೆ.”

“ತಲೆ ಇನ್ನೂ ಗಟ್ಟಿ ಇದೆ. ಕೊಳೆತದ್ದು ಕೊಯ್ದು, ನಮ್ಮನೆ ಡ್ರ್ಯಾಗನ್ ಹಣ್ಣಿನ ಕಾಂಡದ ಮೇಲೆ ಕೊಯ್ದಲ್ಲಿ ಕಾಣೋ ನಡುವಿನ ಉಂಗುರ ಎರಡೂ ಕೂಡೋ ಹಾಗೆ ಕೂರ್ಸಿ ರಬ್ಬರ್ ಬ್ಯಾಂಡ್ ಹಾಕಣ. ನೀರು ಮಾತ್ರ ತೋರಿಸ್ಬೇಡ.”

“ನಾದಿನಿ ಕೇಳಿದ್ರೆ?”

“ಇದೂ ಹಸಿ ಬಾಣಂತಿ, ಗಾಳಿ ನೀರು ಸೋಕ್ಬಾರ್ದು ಅನ್ನು. ಅವ್ಳಿಗೆ ಗೊತ್ತಾಗುತ್ತೆ.”

ಕಾವ್ಯಾಳ ಊರು ಅರಳಸುರಳಿಯ ಬಸ್ಸು ಬಂತು. ಸುಮನಾ ಸಾಗರದ ತನ್ನ ಬಸ್ಸು ಬಿಟ್ಟು, ಕುಂಡ ಅಪ್ಪಿಕೊಂಡು ಕಾವ್ಯಾಳ ಜೊತೆ ಅದನ್ನೇ ಹತ್ತಿದಳು.