ಹದಿನೇಳನೇ ನಂಬರಿನ ಟೋಕನ್

ಈ ರಾಜ್ಯೋತ್ಸವ ಸಮಾರಂಭದ ಅಧ್ಯಕ್ಷತೆ ವಹಿಸಿರುವ, ನಮ್ಮ ಕಾರ್ಖಾನೆಯ ಮಾಲೀಕರಾದ ಶ್ರೀ ರುದ್ರೇಶ್ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಕನ್ನಡ ಸಂಘದ ಪದಾಧಿಕಾರಿಗಳೇ, ಲೇತ್, ಮಿಲ್ಲಿಂಗ್, ಗ್ರೈಂಡಿಂಗ್ ವಿಭಾಗಗಳ ನನ್ನ ಬಂಧುಗಳೇ, ಎರಡನೇ ಸಾಲಿನಲ್ಲಿ ಕುಳಿತು ಬೇಗ ಮುಗಿಸಿ ಎಂದು ಈಗಲೇ ಕಣ್ಣಿನಲ್ಲಿ ಹೇಳುತ್ತಿರುವ ನನ್ನ ಶ್ರೀಮತಿ ಅಶ್ವತ್ಥಮ್ಮನವರೇ, ಮತ್ತು ಹೊರಗಿನಿಂದ ಪಲಾವಿನ ವಾಸನೆ ಬರುತ್ತಿದ್ದರೂ ಜಾಗ ಬಿಟ್ಟು ಏಳದ ಸಮಸ್ತ ಸಭಿಕರೇ,

ಮೊದಲಿಗೆ ನಿಮ್ಮಲ್ಲಿ ಕ್ಷಮೆ ಕೇಳಬೇಕು. ಈ ವೇದಿಕೆಗೆ ಇರುವುದು ನಾಲ್ಕೇ ಮೆಟ್ಟಿಲು. ಆ ನಾಲ್ಕು ಮೆಟ್ಟಿಲು ಹತ್ತುವುದಕ್ಕೆ ನಾನು ತೆಗೆದುಕೊಂಡ ಹೊತ್ತಿನಲ್ಲಿ ನಿರೂಪಣೆ ಮಾಡುತ್ತಿರುವ ದಿವ್ಯಾ ಅವರು ನನ್ನ ಪರಿಚಯವನ್ನು ಎರಡು ಸಲ ಓದಬೇಕಾಯಿತು. ಎರಡನೆಯ ಸಲ ಓದುವಾಗ ಅವರು ನನ್ನ ಸೇವಾವಧಿಗೆ ಎರಡು ವರ್ಷ ಸೇರಿಸಿದರು. ಅದು ತಪ್ಪಲ್ಲ. ನಾನು ಮೇಲೆ ಬರುವಷ್ಟರಲ್ಲಿ ಅಷ್ಟು ಕಾಲ ಆಗಿರಬಹುದು ಎಂದು ಅವರಿಗೆ ಅನ್ನಿಸಿರಬೇಕು.

ಮೂವತ್ತೆರಡು ವರ್ಷ. ಇಪ್ಪತ್ತು ವರ್ಷ ಲೇತ್ ಮುಂದೆ ನಿಂತೆ, ಹನ್ನೆರಡು ವರ್ಷದಿಂದ ಟೂಲ್ ಸ್ಟೋರ್ ನೋಡಿಕೊಳ್ಳುತ್ತಿದ್ದೇನೆ. ಈ ದಿನ ನೀವು ಶಾಲು ಹೊದಿಸಿದ್ದೀರಿ, ಪೇಟ ತೊಡಿಸಿದ್ದೀರಿ, ಹಣ್ಣಿನ ಬುಟ್ಟಿ ಕೈಗೆ ಕೊಟ್ಟಿದ್ದೀರಿ. ದೇವರಾಜ್ ಎಂಬ ಒಬ್ಬ ಸಾಮಾನ್ಯ ಕಾರ್ಮಿಕನಿಗೆ ಇದಕ್ಕಿಂತ ದೊಡ್ಡ ಗೌರವ ಇನ್ನೇನು ಬೇಕು? ನಿಜವಾಗಿ ಬೇಕಾಗಿದ್ದದ್ದು ಒಂದು ಕುರ್ಚಿ. ಅದನ್ನೂ ಹಾಕಿಸಿದ್ದೀರಿ. ನಿಮ್ಮೆಲ್ಲರ ಅನುಮತಿ ಪಡೆದು ಕುಳಿತೇ ಮಾತನಾಡುತ್ತೇನೆ.

ನಮ್ಮ ಟೂಲ್ ಸ್ಟೋರಿನ ಪದ್ಧತಿಯನ್ನು ಆಫೀಸಿನವರಿಗಾಗಿ, ಬಂದಿರುವ ಮನೆಯವರಿಗಾಗಿ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಪ್ರತಿಯೊಬ್ಬ ಕೆಲಸಗಾರನಿಗೂ ಅವನ ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ ಇರುತ್ತದೆ. ಟೋಕನ್ ಎನ್ನುತ್ತೇವೆ. ಸ್ಟೋರಿನಿಂದ ಒಂದು ಉಪಕರಣ ಒಯ್ಯಬೇಕಾದರೆ ಅದು ತೂಗುಹಾಕಿದ್ದ ಮೊಳೆಗೆ ತನ್ನ ಟೋಕನ್ ಹಾಕಬೇಕು. ವಾಪಸು ತಂದಿಟ್ಟಾಗ ಟೋಕನ್ ತೆಗೆದುಕೊಳ್ಳಬೇಕು. ಕಂಪ್ಯೂಟರ್ ಬಂದ ಮೇಲೂ ನಾನು ಈ ಪದ್ಧತಿ ಬಿಟ್ಟಿಲ್ಲ. ಏಕೆ? ಮೊಳೆಯ ಮೇಲೆ ಟೋಕನ್ ಇದೆ ಎಂದರೆ ಆ ಮನುಷ್ಯ ವಾಪಸು ಬರಲೇಬೇಕು. ಕಂಪ್ಯೂಟರಿಗೆ ಆ ನಂಬಿಕೆ ಇಲ್ಲ.

ನನಗೆ ಈ ಕೆಲಸ ಕಲಿಸಿದವರು ಹನುಮಂತರಾಯಪ್ಪನವರು. ಹಳಬರಿಗೆ ನೆನಪಿರಬೇಕು, ನಾಲ್ಕನೇ ನಂಬರಿನವರು. ಅವರ ಮಾತು ಇನ್ನೊಂದು ಸಲ ಬಂದೇ ಬರುತ್ತದೆ.

ಈಗ ನನ್ನ ಮೊಣಕಾಲಿನ ವಿಚಾರ. ನಾಲ್ಕು ವರ್ಷದ ಹಿಂದೆ ಬಲಗಾಲಿನಲ್ಲಿ ಶುರುವಾಯಿತು. ಎಣ್ಣೆ ಹಚ್ಚಿದೆ, ಪಟ್ಟಿ ಕಟ್ಟಿದೆ, ಮಾತ್ರೆ ನುಂಗಿದೆ, ಬಿಸಿ ಉಪ್ಪಿನ ಗಂಟು ಇಟ್ಟುಕೊಂಡೆ. ಕಾಲಿಗೆ ಏನೂ ಅನ್ನಿಸಲಿಲ್ಲ. ಕಡೆಗೆ ಅಶ್ವತ್ಥಮ್ಮ ನನ್ನನ್ನು ಡಾಕ್ಟರ್ ಗೌರಿ ಎಂಬುವರ ಹತ್ತಿರ ಕರೆದುಕೊಂಡು ಹೋದಳು. ಅವರು ಎಕ್ಸ್‌ರೇ ಹಿಡಿದು, ಎರಡು ಮೂಳೆಗಳ ನಡುವಿನ ಮೆತ್ತೆ ಪೂರ್ತಿ ಸವೆದಿದೆ, ಇನ್ನು ಮೊಣಕಾಲಿನ ಕೀಲು ಬದಲಾಯಿಸುವುದನ್ನು ಯೋಚಿಸಬಹುದು, ಅವಸರವಿಲ್ಲ, ನಿರ್ಧಾರ ನಿಮ್ಮದು ಎಂದು ಸಮಾಧಾನವಾಗಿ ಹೇಳಿದರು. ಒಂದು ಕೃತಕ ಕೀಲನ್ನೂ ಕೈಗೆ ಕೊಟ್ಟು ತೋರಿಸಿದರು.

ಸಭಿಕರೇ, ಬೇರೆ ಯಾರಾದರೂ ಆಗಿದ್ದರೆ ಏನು ಮಾಡುತ್ತಿದ್ದರು? ನೋಡಿ ವಾಪಸು ಕೊಡುತ್ತಿದ್ದರು. ನಾನು ಜೇಬಿನಿಂದ ವರ್ನಿಯರ್ ತೆಗೆದು ಅದನ್ನು ಅಳೆಯಲು ಶುರುಮಾಡಿದೆ. ಎರಡು ಭಾಗಗಳ ನಡುವೆ ಸಡಿಲ ಎಷ್ಟು ಬಿಡುತ್ತೀರಿ, ಗ್ರೀಸು ಯಾರು ಹಾಕುತ್ತಾರೆ, ಪಾಲಿಶ್ ಯಾವ ಮಟ್ಟದ್ದು ಎಂದೆಲ್ಲ ಕೇಳಿದೆ. ಹೊರಗೆ ಹನ್ನೊಂದು ಜನ ರೋಗಿಗಳು ಕಾಯುತ್ತಿದ್ದರು. ಆ ತಾಯಿ ಎಲ್ಲದಕ್ಕೂ ಉತ್ತರ ಕೊಟ್ಟು, ಕಡೆಗೆ ಒಂದೇ ಒಂದು ಪ್ರಶ್ನೆ ಕೇಳಿದರು: "ದೇವರಾಜ್ ಅವರೇ, ಅಳತೆ ಸರಿ ಇದೆಯಾ?" ಸರಿ ಇದೆ ಎಂದೆ. "ಹಾಗಾದ್ರೆ ಭಯ ಯಾವುದಕ್ಕೆ?" ಎಂದರು. ನಾನು ವರ್ನಿಯರನ್ನು ಜೇಬಿಗೆ ಹಾಕಿಕೊಂಡೆ.

ದಿನಾಂಕ ಕೊಟ್ಟರು. ಆದರೆ ಏನು ಮಾಡುವುದು, ಆ ವಾರ ಡಾಕ್ಟರು ವಿದೇಶಕ್ಕೆ ಹೋದರು. ಮತ್ತೊಂದು ದಿನಾಂಕ ಬಂತು, ಆಗಲೂ ಏನೋ ಸಮ್ಮೇಳನ. ಮೂರನೆಯ ಸಲ ಆಸ್ಪತ್ರೆಗೆ ಫೋನ್ ಮಾಡಿ, ನಮ್ಮಲ್ಲಿ ಆಡಿಟ್ ಇದೆ ಎಂದು ಹೇಳಿದಾಗ ಆ ಕಡೆ ಇದ್ದ ಹುಡುಗಿ, ಸಾರ್, ನೀವು ಹಿಂದಿನ ಎರಡು ಸಲವೂ ಇದನ್ನೇ ಹೇಳಿದ್ದಿರಿ ಎಂದು...

ಇದನ್ನು ಹೇಳುವ ಉದ್ದೇಶ ನನಗಿರಲಿಲ್ಲ. ಆದರೆ ಮೈಕಿನಲ್ಲಿ ಹೋದ ಮಾತು ಹೋಯಿತು. ಅಶ್ವತ್ಥಮ್ಮ, ಡಾಕ್ಟರು ಯಾವ ದೇಶಕ್ಕೂ ಹೋಗಿರಲಿಲ್ಲ. ಮೂರು ಸಲವೂ ಬೇಡವೆಂದವನು ನಾನೇ. ರುದ್ರೇಶ್ ಸಾಹೇಬರು ಈಗ ನನ್ನ ಕಡೆ ನೋಡುತ್ತಿದ್ದಾರೆ, ಏಕೆಂದರೆ ಆ ಆಡಿಟ್ ಯಾವುದು ಎಂದು ಅವರಿಗೂ ಗೊತ್ತಿಲ್ಲ.

ಆಮೇಲೆ ನಾನು ಕಳ್ಳನ ಹಾಗೆ ಬದುಕಿದೆ. ಅಲ್ಯೂಮಿನಿಯಂ ಪೈಪಿನಿಂದ ನಾನೇ ಒಂದು ಊರುಗೋಲು ಮಾಡಿಕೊಂಡೆ, ತುದಿಗೆ ಮೆಷಿನ್ನಿನ ಕೆಳಗೆ ಹಾಕುವ ರಬ್ಬರ್ ಕೊಟ್ಟೆ. ಮನೆಯಲ್ಲಿ ಅದನ್ನು ಕಂಡವರಿಲ್ಲ, ಇಲ್ಲಿಯೂ ಕಂಡವರಿಲ್ಲ. ನಾಗಸಂದ್ರ ಮೆಟ್ರೊ ಹತ್ತಿರ ಪರಿಚಯದ ಅಂಗಡಿಯಲ್ಲಿ ರಾತ್ರಿ ಇಟ್ಟು, ಬೆಳಗ್ಗೆ ತೆಗೆದುಕೊಂಡು, ಎಲ್ಲರಿಗಿಂತ ಮೊದಲು ಬಂದು ಬೀರುವಿನ ಹಿಂದೆ ಅಡಗಿಸುತ್ತಿದ್ದೆ. ನನ್ನ ಸಮಯಪಾಲನೆಗೆ ಕಳೆದ ವರ್ಷ ಬಹುಮಾನ ಕೊಟ್ಟಿರಿ, ಜ್ಞಾಪಕವಿದೆಯೇ? ಇನ್ನು ಕಾರ್ಖಾನೆಯ ಒಳಗೆ ನಾನು ಎಲ್ಲಿಗೆ ಹೋದರೂ ಒಂದು ಟ್ರಾಲಿ ತಳ್ಳಿಕೊಂಡು ಹೋಗುತ್ತಿದ್ದುದನ್ನು ನೀವೆಲ್ಲ ನೋಡಿದ್ದೀರಿ. ಈ ವಯಸ್ಸಿನಲ್ಲೂ ಎಷ್ಟು ಕೆಲಸ ಮಾಡುತ್ತಾರೆ ಎಂದು ಹೊಗಳಿದ್ದೀರಿ. ಆ ಟ್ರಾಲಿಯಲ್ಲಿ ಇರುತ್ತಿದ್ದದ್ದು ಒಂದು ಸ್ಪ್ಯಾನರ್. ಎರಡು ವರ್ಷದಿಂದ ಅದೇ ಸ್ಪ್ಯಾನರ್.

ಹೀಗೆಯೇ ನಿವೃತ್ತಿಯವರೆಗೆ ದಾಟಿಸಿಬಿಡುತ್ತಿದ್ದೆನೋ ಏನೋ, ಅಷ್ಟರಲ್ಲಿ ಆಯುಧ ಪೂಜೆ ಬಂತು.

ನಮ್ಮ ಪೀಣ್ಯದಲ್ಲಿ ಆಯುಧ ಪೂಜೆ ಎಂದರೆ ಏನು ಎಂದು ನಿಮಗೆ ನಾನು ಹೇಳಬೇಕೇ? ಸ್ಟೋರಿನ ಉಪಕರಣಗಳನ್ನೆಲ್ಲ ತೊಳೆದು, ಕೆಂಪು ಬಟ್ಟೆಯ ಮೇಲೆ ಜೋಡಿಸುವ ಕೆಲಸವನ್ನು ನನ್ನ ಸಹಾಯಕ ಕೊಟ್ರೇಶ್ ಮಾಡಿದ. ಶ್ರದ್ಧೆಯ ಮನುಷ್ಯ. ಬೀರುವನ್ನೂ ಸರಿಸಿ ಗುಡಿಸಿದ. ಹಿಂದೆ ಊರುಗೋಲು ಸಿಕ್ಕಿತು. ನಾನೇ ಮಾಡಿದ ಯಾವುದೋ ಹೊಸ ಉಪಕರಣವೆಂದುಕೊಂಡು ಮೈಕ್ರೋಮೀಟರಿನ ಪಕ್ಕದಲ್ಲಿ ಇಟ್ಟು, ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಹಚ್ಚಿ, ಚೆಂಡು ಹೂ ಸುತ್ತಿದ. ನಾನು ಕೈಮುಗಿದು ಕಣ್ಣು ಬಿಡುತ್ತೇನೆ, ನನ್ನ ಗುಟ್ಟು ಮಂಗಳಾರತಿ ತೆಗೆದುಕೊಳ್ಳುತ್ತಿದೆ. ಟ್ರಾಲಿಗೂ ಬಾಳೆಕಂದು ಕಟ್ಟಿದ್ದಾರೆ.

ಪೂಜೆಯಾದ ಉಪಕರಣವನ್ನು ಮರುದಿನ ಬೆಳಗಿನವರೆಗೆ ಮುಟ್ಟುವ ಹಾಗಿಲ್ಲ. ಆ ನಿಯಮವನ್ನು ಇಲ್ಲಿ ಬಿಗಿಯಾಗಿ ನಡೆಸಿಕೊಂಡು ಬಂದವನು ಯಾರು? ನಾನೇ. ಒಂದು ವರ್ಷ ಸ್ವತಃ ಸಾಹೇಬರು ಮೊಳೆ ಹೊಡೆಯಲು ಸುತ್ತಿಗೆ ಕೇಳಿದಾಗ, ನಾಳೆ ಬೆಳಗ್ಗೆ ಕೊಡ್ತೀನಿ ಸಾರ್ ಎಂದು ಬರಿಗೈಯಲ್ಲಿ ಕಳಿಸಿದವನು. ಈಗ ನನ್ನ ಕೋಲು ಅಲ್ಲಿದೆ, ನನ್ನ ಟ್ರಾಲಿ ಇಲ್ಲಿದೆ, ಎರಡನ್ನೂ ಮುಟ್ಟುವಂತಿಲ್ಲ. ಎಲ್ಲರೂ ಪುರಿ, ಸಿಹಿ ಹಿಡಿದು ಮನೆಗೆ ಹೋದರು. ನಾನು ಸ್ಟೂಲಿನ ಮೇಲೆ ಕುಳಿತೇ ಇದ್ದೆ.

ಬೀಗ ಹಾಕಲು ಕೊಟ್ರೇಶ್ ಬಂದ. ಅವನು ವಿಜಯನಗರ ಜಿಲ್ಲೆಯವನು. "ಸರ, ಮನಿಗೆ ಹೋಗಂಗಿಲ್ಲೇನ್ರೀ?" ಎಂದ. ನಾನು ಆ ಕೋಲಿನ ಕಡೆ ನೋಡಿದೆ. ಅವನೂ ನೋಡಿದ. ಅರ್ಥವಾಯಿತು. ತಂದುಕೊಡಲು ಹೊರಟವನನ್ನು ನಾನೇ ತಡೆದೆ, "ಪೂಜೆ ಆಗಿದೆ ಕಣೋ, ಮುಟ್ಬೇಡ" ಎಂದೆ. ಅವನು ಬಂದು ತನ್ನ ಹೆಗಲು ಕೊಟ್ಟ.

ಗೇಟಿನ ಹಿಂದಿನ ಬೀದಿಯಲ್ಲೇ ಅವನ ಬಾಡಿಗೆ ಮನೆ. ಆಟೋ ಬರುವವರೆಗೆ ಕೆಳಗಿನ ಕಟ್ಟೆಯ ಮೇಲೆ ಕೂರಿಸಿ, ಮೇಲೆ ನೋಡಿ ಅವನ ತಾಯಿಯನ್ನು ಕೂಗಿದ. ಎರಡನೇ ಮಹಡಿಯಿಂದ ಮುದುಕವ್ವ ಹೋಳಿಗೆಯ ತಟ್ಟೆ ಹಿಡಿದು ಇಳಿದು ಬಂದರು. ಎಪ್ಪತ್ತರ ಹತ್ತಿರದ ಹೆಂಗಸು, ಕಂಬಿಯನ್ನೂ ಗಟ್ಟಿಯಾಗಿ ಹಿಡಿದಿರಲಿಲ್ಲ. ಎರಡೂ ಮೊಣಕಾಲು ಬದಲಾಯಿಸಿಕೊಂಡವರು ಎಂದು ಕೊಟ್ರೇಶ್ ಹೇಳಿದ. ಅವರು ನನ್ನ ಕಾಲು ನೋಡಿ, ಯಾವಾಗ ಮಾಡಿಸಿಕೊಳ್ಳುತ್ತಿ ಎಂದು ಕೇಳಿದರು. ನಾಲ್ಕು ವರ್ಷದಿಂದ ಯೋಚನೆ ಮಾಡುತ್ತಿದ್ದೇನೆ ಎಂದೆ. ಆಗ ಆ ತಾಯಿ ಹೇಳಿದ ಮಾತು ಇದು: "ನಾಕು ವರ್ಷದಾಗ ನಾ ಎರಡೂ ಕಾಲು ಮಾಡಿಸ್ಕೊಂಡು, ಊರಿಗೆ ಹೋಗಿ ಬಂದು, ಮೊಮ್ಮಗಳ ಹಿಂದ ಓಡಾಡಾಕತ್ತೀನಿ. ನೀ ಕುಂತಲ್ಲೇ ಕುಂತಿ ನೋಡಪಾ."

ನೋವಿರಲಿಲ್ಲವೇ ಎಂದು ಕೇಳಿದೆ. ಸುಳ್ಳು ಹೇಳಲಿಲ್ಲ. ಮೊದಲ ಹದಿನೈದು ದಿನ ವ್ಯಾಯಾಮ ಮಾಡಿಸುವ ಹುಡುಗಿ ಬಾಗಿಲಲ್ಲಿ ಕಂಡರೆ ಸಾಕು, ನಿದ್ದೆ ಹತ್ತಿದವರ ಹಾಗೆ ಕಣ್ಣು ಮುಚ್ಚಿ ಮಲಗಿಬಿಡುತ್ತಿದ್ದರಂತೆ. ಆ ಹುಡುಗಿಗೂ ಅದು ಗೊತ್ತಾಗಿ, ಕಾಲನ್ನು ಮಾತ್ರ ಎಬ್ಬಿಸ್ತೀನಿ ಅಜ್ಜಿ, ನೀವು ಮಲಗಿ ಎನ್ನುತ್ತಿದ್ದಳಂತೆ. ನಾನು ನಕ್ಕೆ. ನಾಲ್ಕು ವರ್ಷದಲ್ಲಿ ನನ್ನ ಮೊಣಕಾಲಿನ ವಿಷಯಕ್ಕೆ ನಾನು ನಕ್ಕದ್ದು ಅದೇ ಮೊದಲು.

ಆ ದಿನ ಮನೆಯಲ್ಲೂ ಕೋಲಿನ ಗುಟ್ಟು ಒಪ್ಪಿಕೊಂಡೆ, ದಿನಾಂಕಗಳ ಸುಳ್ಳನ್ನು ಮಾತ್ರ ಹೇಳಲಿಲ್ಲ. ಕೋಲಿನ ವಿಷಯ ಕೇಳಿ ಅಶ್ವತ್ಥಮ್ಮ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಸಂಜೆ ವಾಕಿಂಗ್ ಹೋಗುವಾಗ ಅವಳಿಗೆ ಒಂದು ಅಭ್ಯಾಸವಿದೆ. ಪ್ರತಿ ಮನೆಯ ಕಾಂಪೌಂಡ್ ಮುಂದೆ ನಿಂತು ಹೂವಿನ ಗಿಡ ನೋಡುತ್ತಾಳೆ. ಇವಳಿಗೆ ಗಿಡದ ಹುಚ್ಚು ಎಂದು ನಾನು ಎಷ್ಟೋ ಸಲ ರೇಗಿದ್ದೆ. ಆ ದಿನ ಹೇಳಿದಳು, "ನೀವು ಸುಧಾರಿಸ್ಕೊಳ್ಳಿ ಅಂತ ನಿಲ್ತಿದ್ದೆ ಕಣ್ರೀ. ನಂಗೆ ಆ ಗಿಡದ ಹೆಸ್ರೂ ಗೊತ್ತಿಲ್ಲ." ಸಭಿಕರೇ, ನನಗೆ ಬಹಳ ನಾಚಿಕೆಯಾಯಿತು. ಈ ಮಾತು ಹೇಳುವಾಗ ಈಗಲೂ ಆಗುತ್ತಿದೆ.

ಡಾಕ್ಟರ್ ಗೌರಿಯವರು ನಾಲ್ಕನೆಯ ದಿನಾಂಕ ಕೊಟ್ಟಿದ್ದಾರೆ. ಬರುವ ಸೋಮವಾರ. ಮೊದಲು ಬಲಗಾಲು. ಇಲ್ಲಿಗೆ ಕಥೆ ಸುಖಾಂತ್ಯ ಎಂದು ನೀವು ಚಪ್ಪಾಳೆ ತಟ್ಟಬಹುದು. ದಯವಿಟ್ಟು ಬೇಡ. ಇಂದು ಬೆಳಗ್ಗೆ ಹಲ್ಲುಜ್ಜುತ್ತಾ ನಾನು ಏನು ಯೋಚಿಸುತ್ತಿದ್ದೆ ಗೊತ್ತೇ? ನಾಲ್ಕನೆಯ ನೆಪ. ಶಾಲು, ಹಾರದ ಮಧ್ಯೆ ಈ ವೇದಿಕೆಯ ಮೇಲೆ ಕುಳಿತಾಗಲೂ ಅದನ್ನೇ ಯೋಚಿಸುತ್ತಿದ್ದೆ.

ಡಾಕ್ಟರು ಕೇಳಿದ ಪ್ರಶ್ನೆಗೆ ನಾನು ಅಂದು ಉತ್ತರ ಕೊಡಲಿಲ್ಲ. ಈ ದಿನ ಕೊಡುತ್ತೇನೆ. ಹನುಮಂತರಾಯಪ್ಪನವರಿಗೂ ಮೊಣಕಾಲು ನೋವಿತ್ತು. ದೀಪಾವಳಿ ಆಗಲಿ, ಯುಗಾದಿ ಆಗಲಿ ಎಂದು ಆಪರೇಷನ್ ಮುಂದಕ್ಕೆ ಹಾಕಿದರು. ಒಂದು ಶನಿವಾರ ಮನೆಯ ನೆಲ ಸಮವಿದೆಯೇ ಎಂದು ನೋಡಲು ಸ್ಪಿರಿಟ್ ಲೆವೆಲ್ ತೆಗೆದುಕೊಂಡು, ತಮ್ಮ ಟೋಕನ್ ಮೊಳೆಗೆ ಹಾಕಿ ಹೋದರು. ಸೋಮವಾರ ಬರಲಿಲ್ಲ. ಕಾಲು ಮಡಚುವುದೇ ನಿಂತಿತ್ತು. ಲೆವೆಲನ್ನು ಅವರ ಮಗಳು ಯಮುನಾ ತಂದುಕೊಟ್ಟಳು. ಟೋಕನ್ ತೆಗೆದುಕೊಳ್ಳಲು ಅವರು ಬರಲೇ ಇಲ್ಲ. ಒಂದು ತಿಂಗಳು ಅದು ಮೊಳೆಯ ಮೇಲಿತ್ತು. ಆಮೇಲೆ ಆ ಮೊಳೆಗೆ ಬೇರೆಯವರ ಟೋಕನ್ ಬಂತು, ಅವರ ಕುರ್ಚಿಗೆ ನಾನು ಬಂದೆ. ಅವರು ಈಗಲೂ ಮನೆಯ ಜಗಲಿಯ ಮೇಲೆ ಕುಳಿತು ಮೆಟ್ರೊ ನೋಡುತ್ತಾರೆ. ಈ ದಿನ ಇಲ್ಲಿಗೆ ಬನ್ನಿ ಎಂದು ಕರೆಯಲು ಹೋಗಿದ್ದೆ. "ಎಂಗ್ ಬರ್ಲಪ್ಪ ದೇವು, ಇಂಗೆ ಕುಂತವ್ನು?" ಎಂದರು.

ನನ್ನ ಭಯ ಅದು. ಎರಡು ಮೂರು ತಿಂಗಳು ನಾನಿಲ್ಲದಿದ್ದರೆ ಟೂಲ್ ಸ್ಟೋರ್ ನಿಂತುಹೋಗುತ್ತದೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಅದು ನಿಲ್ಲುವುದಿಲ್ಲವೆಂದು ನನಗೆ ಗೊತ್ತು, ಕೊಟ್ರೇಶ್ ಚೆನ್ನಾಗಿಯೇ ನಡೆಸುತ್ತಾನೆ. ನನ್ನ ಮೊಳೆಗೆ ಬೇರೆ ಟೋಕನ್ ಬರುತ್ತದೆ ಎಂದು ಹೆದರಿದ್ದೆ. ಆದರೆ ಇಲ್ಲಿ ಕುಳಿತು ನಿಮಗೆ ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು. ಹನುಮಂತರಾಯಪ್ಪನವರು ವಾಪಸು ಬರದೇ ಹೋದದ್ದು ಆಪರೇಷನ್ನಿನಿಂದಲ್ಲ. ಅದನ್ನು ಮುಂದಕ್ಕೆ ಹಾಕಿದ್ದರಿಂದ.

ಕೊಟ್ರೇಶ್, ಸ್ವಲ್ಪ ಮುಂದೆ ಬಾ. ಆಯುಧ ಪೂಜೆಯ ಮರುದಿನ ನನಗೆ ಹೇಳದೆ ಈ ಕೋಲಿನ ಮೇಲೆ ನಂಬರು ಕೊರೆದು, ರಿಜಿಸ್ಟರಿಗೆ ಸೇರಿಸಿ, ಅದಕ್ಕೊಂದು ಮೊಳೆಯನ್ನೂ ಹೊಡೆದಿದ್ದೀಯ. ಹಾಗಾದರೆ ಇದು ಈಗ ಸ್ಟೋರಿನ ಉಪಕರಣ. ಪದ್ಧತಿಯಂತೆ ನಡೆಯಲಿ. ತಗೋ, ನನ್ನ ಟೋಕನ್, ನಂಬರ್ ಹದಿನೇಳು. ಆ ಮೊಳೆಗೆ ಹಾಕು. ಸೋಮವಾರದಿಂದ ಈ ಕೋಲನ್ನು ನಾನು ಒಯ್ಯುತ್ತಿದ್ದೇನೆ. ಕೆಲಸ ಮುಗಿದ ಮೇಲೆ ನಾನೇ ನಡೆದು ಬಂದು ವಾಪಸು ಕೊಡುತ್ತೇನೆ. ಅಲ್ಲಿಯವರೆಗೆ ಆ ಮೊಳೆಯನ್ನು ಯಾರೂ ಮುಟ್ಟಬೇಡಿ. ಸಾಹೇಬರಿಗೂ ಈ ಮಾತು ಅನ್ವಯಿಸುತ್ತದೆ.

ಅಶ್ವತ್ಥಮ್ಮ, ಫೋನು ನಿನ್ನ ಹತ್ತಿರವೇ ಇರಲಿ. ಆಸ್ಪತ್ರೆಯ ನಂಬರು ನನಗೆ ಬಾಯಿಪಾಠವಾಗಿದೆ.

ನನ್ನನ್ನು ಗೌರವಿಸಿದ ಕನ್ನಡ ಸಂಘಕ್ಕೆ, ಇಲ್ಲದ ಆಡಿಟ್ಟನ್ನು ಕ್ಷಮಿಸಲಿರುವ ಅಧ್ಯಕ್ಷರಿಗೆ, ಹೆಗಲು ಕೊಟ್ಟವನಿಗೆ, ಹೋಳಿಗೆ ಕೊಟ್ಟ ತಾಯಿಗೆ, ಹೆಸರು ಗೊತ್ತಿಲ್ಲದ ಗಿಡಗಳ ಮುಂದೆ ನನಗಾಗಿ ನಿಂತವಳಿಗೆ ನನ್ನ ಕೃತಜ್ಞತೆಗಳು. ಇನ್ನು ನಾನು ನಾಲ್ಕು ಮೆಟ್ಟಿಲು ಇಳಿಯಬೇಕು. ನನಗಾಗಿ ಕಾಯಬೇಡಿ, ಪಲಾವು ಆರುತ್ತದೆ, ಊಟಕ್ಕೆ ಏಳಿ. ನನಗೊಂದು ಎಲೆ ಹಿಡಿದಿಡಿ, ಬರುತ್ತೇನೆ.

ಎಲ್ಲರಿಗೂ ನಮಸ್ಕಾರ.